ಅಂಚು ಸೇರಿಸಿ ಎಂಟು

ಹೊಲಿಗೆ ತರಬೇತಿ ಕೇಂದ್ರದಲ್ಲಿ ಅವರನ್ನು ಎಲ್ಲರೂ ಕಟಿಂಗ್ ಮೇಡಂ ಎಂದೇ ಕರೆಯುತ್ತಿದ್ದರು. ಮಿಷನ್ ತುಳಿಯುವುದನ್ನು ಕಲಿಸುವವರು ಅಲ್ಲಿ ಇನ್ನಿಬ್ಬರಿದ್ದರು. ಆದರೆ ಹೊಸ ಬಟ್ಟೆಗೆ ಕತ್ತರಿ ಹಾಕುವ ಧೈರ್ಯವನ್ನು ಕಲಿಸುತ್ತಿದ್ದವರು ಮೇಡಂ ಒಬ್ಬರೇ. ನಲವತ್ತಾರು ವರ್ಷದ ಹೆಂಗಸು, ಕುತ್ತಿಗೆಗೆ ಸದಾ ಟೇಪು, ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ. ಅಂಬ್ರೆಲಾ ಸ್ಕರ್ಟಿನ ಪಾಠ ಬಂತೆಂದರೆ ಪಕ್ಕದ ಕೋಣೆಯ ಕಸೂತಿ ಕ್ಲಾಸಿನವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೂಲೆಯಲ್ಲಿ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಮೆಸುಣ್ಣವನ್ನು ಒಂದು ಸುತ್ತು ಎಳೆದರೆ ಮುಗಿಯಿತು. ಕತ್ತರಿ ಕರಕರ ಎಂದು ಹೋಗುತ್ತಿತ್ತು. ಬಿಡಿಸಿ ಹರವಿದರೆ ಮೇಜಿನ ತುಂಬ ದುಂಡನೆಯ ವೃತ್ತ, ಎಲ್ಲಿ ಅಳೆದರೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಇಂಥ ಮೇಡಂ ಹತ್ತನೇ ತರಗತಿಯ ಲೆಕ್ಕದಲ್ಲಿ ಎರಡು ಸಲ ಫೇಲಾದವರು ಎಂಬುದು ಆ ಕಟ್ಟಡದಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಒಂದು ಸಲ, ಹದಿನೇಳರಲ್ಲಿ ಇನ್ನೊಂದು ಸಲ. ಮಿಕ್ಕ ವಿಷಯಗಳೆಲ್ಲ ಪಾಸು. ಆಮೇಲೆ ಮದುವೆ, ಮಗಳು, ಮಿಷನ್ನು, ಹೀಗೇ ದಿನ ಹೋಯಿತು. ಹನ್ನೊಂದು ವರ್ಷದ ಹಿಂದೆ ಕೇಂದ್ರಕ್ಕೆ ಸೇರಿದಾಗ ಆಗಿನ ಕಾರ್ಯದರ್ಶಿ, ಮೇಡಂ ಕತ್ತರಿಸಿದ ಒಂದು ಫ್ರಾಕನ್ನು ನೋಡಿ ನಾಳೆಯಿಂದ ಬನ್ನಿ ಎಂದಿದ್ದರು, ಅಷ್ಟೇ. ಅಂಕಪಟ್ಟಿ ಕೇಳಲಿಲ್ಲ. ಕೇಳದ್ದನ್ನು ಇವರೇಕೆ ಹೇಳಿಯಾರು? ಕಲಿಯಲು ಬರುವ ಇಪ್ಪತ್ತೆರಡು ಹೆಂಗಸರು ಮಾತ್ರ ಮೇಡಂ ಭಾರಿ ಓದಿಕೊಂಡವರೆಂದೇ ತಿಳಿದಿದ್ದರು. ಇಂಚು, ಸೆಂಟಿಮೀಟರು ಎಂದು ಬಾಯಲ್ಲೇ ಲೆಕ್ಕ ಹಾಕುವವರನ್ನು ಕಂಡರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಮೇಡಂ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಹಾಗೆ ತಿಳಿದುಕೊಳ್ಳುವುದು ಅವರಿಗೆ ಇಷ್ಟವೇ ಆಗಿತ್ತು, ಸುಳ್ಳೇಕೆ.

ಒಂದು ಸೋಮವಾರ ಹೊಸ ಕಾರ್ಯದರ್ಶಿ ಒಂದು ಆದೇಶ ಓದಿದರು. ಪಾಠ ಮಾಡುವವರೆಲ್ಲರೂ ಕನಿಷ್ಠ ಹತ್ತನೇ ತರಗತಿ ಪಾಸಾಗಿರಬೇಕು. ಈಗಿನ ತರಬೇತಿ ಅವಧಿ ಮುಗಿಯುವುದರೊಳಗೆ ಅಂಕಪಟ್ಟಿ ಕೊಡದವರ ಕ್ಲಾಸನ್ನು ಬೇರೆಯವರಿಗೆ ವಹಿಸಲಾಗುತ್ತದೆ. ಉಳಿದ ಇಬ್ಬರು ಟೀಚರುಗಳು ಮಾರನೆಯ ದಿನವೇ ತಂದುಕೊಟ್ಟು ಕೈತೊಳೆದುಕೊಂಡರು. ಮೇಡಂ ಮುಖದಲ್ಲಿ ಏನೂ ತೋರಿಸದೆ, ಹಳೆ ಪೆಟ್ಟಿಗೆ ಹುಡುಕಬೇಕು, ಸ್ವಲ್ಪ ಟೈಮ್ ಕೊಡಿ ಎಂದುಬಿಟ್ಟರು. ಪೆಟ್ಟಿಗೆಯಲ್ಲಿ ಏನಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದರು. ಬಸ್ ಡಿಪೋದಲ್ಲಿ ಬ್ರೇಕು ರಿಪೇರಿ ಮಾಡುವ ಮನುಷ್ಯ, ಗಾಬರಿಯಾಗುವುದು ಅವನ ಜಾಯಮಾನದಲ್ಲೇ ಇಲ್ಲ.

"ಪರೀಕ್ಷೆ ಕಟ್ಟು. ಒಂದೇ ಪೇಪರು ತಾನೆ?"

"ಒಂದೇ ಪೇಪರು ಅಂತೆ. ಆ ಒಂದೇ ಪೇಪರಿಗೆ ಮೂವತ್ತು ವರ್ಷ ಆಯ್ತು ರೀ."

"ಮನೇಲೇ ಲೆಕ್ಕದ ಟೀಚರ್ ಇದಾಳೆ. ನನ್ನ ತಂಗೀನ ಕೇಳು."

ಅಲ್ಲೇ ಇದ್ದದ್ದು ತೊಡಕು. ನಾದಿನಿ ಎರಡು ಬೀದಿ ಆಚೆ ಒಬ್ಬಳೇ ಇದ್ದಳು, ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕೈಯಲ್ಲಿ ಯಾವಾಗಲೂ ಮರದ ಸ್ಕೇಲು ಹಿಡಿದಿರುತ್ತಿದ್ದರಿಂದ ಮಕ್ಕಳು ಅವಳಿಗೆ ಸ್ಕೇಲು ಟೀಚರ್ ಎಂದು ಹೆಸರಿಟ್ಟಿದ್ದರು. ಯಾರಿಗೂ ಹೊಡೆದವಳಲ್ಲ. ಮಾತು ಮಾತ್ರ ಸ್ಕೇಲಿನ ಹಾಗೇ ನೆಟ್ಟಗೆ. ಅತ್ತಿಗೆ ನಾದಿನಿಯರ ನಡುವೆ ಜಗಳವೆಂಬುದು ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಬಂದರೆ ಕೂತು, ಕೊಟ್ಟದ್ದು ತಿಂದು, ಎದ್ದು ಹೋಗುವಷ್ಟು ಸಂಬಂಧ. ಅವಳ ಮುಂದೆ ಹೋಗಿ ನನಗೆ ಲೆಕ್ಕ ಬರೋಲ್ಲ ಎನ್ನುವುದಕ್ಕಿಂತ ಊರ ಮುಂದೆ ಡಂಗುರ ಸಾರುವುದು ವಾಸಿ ಎಂದು ಮೇಡಂ ಮೂರು ದಿನ ಕಳೆದರು. ನಾಲ್ಕನೆಯ ದಿನ, ಬೇರೆ ದಾರಿ ಕಾಣದೆ ಹೋದರು.

ನಾದಿನಿ ಪೂರ್ತಿ ಕೇಳಿದಳು. ನಗಲಿಲ್ಲ, ಅದೊಂದು ಪುಣ್ಯ.

"ಪರೀಕ್ಷೆಗೆ ಮೂರು ತಿಂಗಳಿದೆ. ಸ್ಕೂಲು ಬಿಟ್ಟು ಐದು ಗಂಟೆಗೆ ನಾನೇ ಬರ್ತೀನಿ ಅತ್ತಿಗೆ. ಆ ಹೊತ್ತಿಗೆ ಮೇಜಿನ ಮೇಲೆ ಬಟ್ಟೆ ಚಿಂದಿ ಏನೂ ಇರಬಾರದು."

"ಆಯ್ತು ಕಣೇ," ಎಂದರು ಮೇಡಂ, ಒಳಗೊಳಗೇ ಹಲ್ಲು ಕಚ್ಚಿಕೊಂಡು.

ಮೊದಲ ಎರಡು ತಿಂಗಳು ಹೇಗೋ ತೆವಳಿದವು. ಬೀಜಗಣಿತ ಕಬ್ಬಿಣದ ಕಡಲೆ, ಅದು ಮೊದಲೇ ಗೊತ್ತಿದ್ದದ್ದು. ಆ ಭಾಗದಲ್ಲಿ ಹತ್ತು ಹದಿನೈದು ಅಂಕ ಬಂದರೆ ಅದೇ ದೊಡ್ಡದು, ಉಳಿದದ್ದನ್ನು ರೇಖಾಗಣಿತದಲ್ಲಿ ಎತ್ತಿಬಿಡೋಣ ಎಂದು ನಾದಿನಿ ಲೆಕ್ಕ ಹಾಕಿದ್ದಳು. ಪಾಸಾಗಲು ಮೂವತ್ತೈದು ಬೇಕು. ವೃತ್ತದ ಪಾಠ ಒಂದರಿಂದಲೇ ಹನ್ನೆರಡು ಅಂಕ ಖಾತ್ರಿ ಎಂದಳು. ವೃತ್ತ ಎಂಬ ಮಾತು ಕೇಳಿ ಮೇಡಂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತರು.

ನಾದಿನಿ ಕಾಗದದಲ್ಲಿ ಒಂದು ವೃತ್ತ ಕತ್ತರಿಸಿ, ನಡುವಿನಿಂದ ಅಂಚಿಗೆ ಗೆರೆ ಎಳೆದು ಹದಿನಾರು ತುಂಡು ಮಾಡಿದಳು. ಒಂದೊಂದೂ ಮೊನಚು ಮೂತಿಯ ತ್ರಿಕೋನದ ಹಾಗಿತ್ತು, ಬುಡ ಮಾತ್ರ ಸ್ವಲ್ಪ ಬಾಗಿತ್ತು.

"ಈಗ ಈ ತುಂಡುಗಳನ್ನ ಪಕ್ಕಪಕ್ಕ ಜೋಡಿಸಬೇಕು ಅತ್ತಿಗೆ. ಹೇಗೆ ಅಂದ್ರೆ..."

ಅವಳು ಹೇಳಿ ಮುಗಿಸುವ ಮೊದಲೇ ಮೇಡಂ ಕೈ ಹಾಕಿದ್ದರು. ಒಂದರ ಮೂತಿ ಮೇಲೆ, ಮುಂದಿನದರ ಮೂತಿ ಕೆಳಗೆ. ಹದಿನಾರೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಒಂದು ಉದ್ದನೆಯ ಪಟ್ಟಿಯಾಗಿ ಕೂತವು.

"ನಿಮಗೆ ಇದು ಮೊದಲೇ ಗೊತ್ತಾ?"

"ಗೊತ್ತಿರೋದೇನು ಬಂತು, ದಿನಾ ಮಾಡ್ತೀವಲ್ಲೇ. ಪೀಸ್ ಸ್ಕರ್ಟಿಗೆ ಬಟ್ಟೆ ಹಾಕೋದು ಹೀಗೇ. ಎಲ್ಲಾ ಪೀಸನ್ನೂ ಒಂದೇ ಕಡೆ ಮುಖ ಮಾಡಿ ಇಟ್ರೆ ನಡುವೆ ಎಲ್ಲಾ ಬಟ್ಟೆ ದಂಡ."

"ಸರಿ, ಈ ಪಟ್ಟಿ ಉದ್ದ ಎಷ್ಟು ಹೇಳಿ ನೋಡೋಣ."

ಮೇಡಂ ಪಟ್ಟಿಯನ್ನೇ ನೋಡಿದರು. ಸ್ಕರ್ಟಿನ ಸುತ್ತಳತೆಯೆಲ್ಲ ಬುಡದಲ್ಲಿದೆ. ಅರ್ಧ ಬುಡಗಳು ಕೆಳಗೆ, ಅರ್ಧ ಮೇಲೆ. "ಸುತ್ತಳತೇಲಿ ಅರ್ಧ. ಅಗಲ ಅಂದ್ರೆ ನಡುವಿಂದ ಅಂಚಿನ ತನಕ, ಅದೇ ನಿನ್ನ ತ್ರಿಜ್ಯ. ಎರಡನ್ನೂ ಗುಣಿಸಿದ್ರೆ ಎಷ್ಟು ಬಟ್ಟೆ ಅಂತ ಬಂತಲ್ಲ."

"ಅದೇ ಪೈ ಆರ್ ಸ್ಕ್ವೇರು," ಎಂದಳು ನಾದಿನಿ. ಒಂದು ಕ್ಷಣ ಬಿಟ್ಟು, "ಆದರೆ ಅಂಚು ಡೊಂಕಾಗೇ ಇದೆ ಅಂತ ನನ್ನ ಕ್ಲಾಸಲ್ಲಿ ಮಕ್ಕಳು ಕೇಳ್ತಾರೆ," ಎಂದಳು.

"ತುಂಡು ಸಣ್ಣ ಮಾಡು ಅನ್ನು. ಎಂಟು ಪೀಸಿಗಿಂತ ಹದಿನಾರು ಪೀಸಲ್ಲಿ ಡೊಂಕು ಕಡಿಮೆ, ಮೂವತ್ತೆರಡರಲ್ಲಿ ಇನ್ನೂ ಕಡಿಮೆ."

ನಾದಿನಿ ಪೆನ್ನು ಕೆಳಗಿಟ್ಟಳು. ಹದಿನೆಂಟು ವರ್ಷ ಈ ಪಾಠ ಮಾಡಿದ್ದಳು, ಇಷ್ಟು ಸಲೀಸಾಗಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಸಂಜೆ ಹೊರಟಾಗ ಬಾಗಿಲಲ್ಲಿ ನಿಂತು ಹತ್ತು ನಿಮಿಷ ಅದೂ ಇದೂ ಮಾತಾಡಿದಳು, ಹಾಗೆ ಅವಳು ನಿಂತದ್ದೇ ಮೊದಲು.

ತ್ರಿಜ್ಯಾಂತರ ಖಂಡ, ಅಂದರೆ ನಡುವಿನಿಂದ ಅಂಚಿಗೆ ಕತ್ತರಿಸಿದ ವೃತ್ತದ ತುಂಡು, ಇನ್ನೂ ಸುಲಭವಾಯಿತು. ಪೂರ್ತಿ ಸುತ್ತು ಮುನ್ನೂರ ಅರವತ್ತು ಡಿಗ್ರಿ. ತೊಂಬತ್ತು ಅಂದರೆ ಕಾಲು ಭಾಗ, ನೂರ ಎಂಬತ್ತು ಅಂದರೆ ಅರ್ಧ, ಅರವತ್ತು ಅಂದರೆ ಆರರಲ್ಲಿ ಒಂದು. ಪೂರ್ತಿ ವೃತ್ತದ ವಿಸ್ತೀರ್ಣ ಕಂಡುಹಿಡಿದು ಅದರಲ್ಲಿ ತನ್ನ ಪಾಲು ತೆಗೆದುಕೊಂಡರೆ ಆಯಿತು. ಜೀವನದಲ್ಲಿ ಮೊದಲ ಸಲ ಮೇಡಂಗೆ ಲೆಕ್ಕವೆಂದರೆ ಖುಷಿಯಾಯಿತು. ಪಾತ್ರೆ ತೊಳೆಯುತ್ತ ತಟ್ಟೆಯ ವಿಸ್ತೀರ್ಣ ಎಷ್ಟಿದ್ದೀತು ಎಂದು ಯೋಚಿಸುವಷ್ಟು.

ಇಷ್ಟೆಲ್ಲ ಆಗಿ, ಲೆಕ್ಕ ಬಿಡಿಸಲು ಕೂತರೆ ಒಂದೇ ಒಂದು ಉತ್ತರ ಸರಿಬರಲಿಲ್ಲ.

ಅಭ್ಯಾಸ ನಡೆಯುತ್ತಿದ್ದುದು ಹೀಗೆ. ನಾದಿನಿ ಮೇಜಿನ ಆ ತುದಿಯಲ್ಲಿ ತನ್ನ ಶಾಲೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ತಿದ್ದುತ್ತ ಕೂರುತ್ತಿದ್ದಳು. ಅಲ್ಲಿಂದಲೇ ಲೆಕ್ಕ ಹೇಳುತ್ತಿದ್ದಳು. ಮೇಡಂ ಈ ತುದಿಯಲ್ಲಿ ಬರೆದುಕೊಂಡು, ಬಿಡಿಸಿ, ಉತ್ತರವನ್ನು ಬಾಯಲ್ಲಿ ಹೇಳುತ್ತಿದ್ದರು. ಪುಸ್ತಕ ತೋರಿಸುತ್ತಿರಲಿಲ್ಲ. ಮೊದಲ ದಿನವೇ, ನನ್ನದು ಕಾಗೆ ಕಾಲು ಗುಬ್ಬಿ ಕಾಲು, ನೀನು ನೋಡಬೇಡ ಎಂದು ಎಡಗೈ ಅಡ್ಡ ಇಟ್ಟುಕೊಂಡಿದ್ದರು. ನಾದಿನಿಯೂ ಅವರ ಸಂಕೋಚ ನೋಡಿ ಬಲವಂತ ಮಾಡಿರಲಿಲ್ಲ.

"ತ್ರಿಜ್ಯ ಏಳು ಸೆಂಟಿಮೀಟರು. ವೃತ್ತದ ವಿಸ್ತೀರ್ಣ?"

"ಇನ್ನೂರ ಒಂದು ಚಿಲ್ಲರೆ."

"ನೂರ ಐವತ್ನಾಲ್ಕು. ಮತ್ತೆ ಮಾಡಿ. ಸೂತ್ರ ಹೇಳಿ." ಸೂತ್ರ ಸರಿಯಾಗಿಯೇ ಇತ್ತು. "ತ್ರಿಜ್ಯ ಹದಿನಾಲ್ಕು, ಕೋನ ತೊಂಬತ್ತು."

"ನೂರ ಎಪ್ಪತ್ತಾರು, ಪಾಯಿಂಟು..."

"ಪಾಯಿಂಟು ಬರೋದೇ ಇಲ್ಲ ಅತ್ತಿಗೆ. ಏಳರಲ್ಲಿ ನಿಶ್ಶೇಷವಾಗಿ ಭಾಗ ಹೋಗ್ಲಿ ಅಂತಲೇ ಹದಿನಾಲ್ಕು ಕೊಟ್ಟಿರೋದು. ಅದು ಹೇಗೆ ಪ್ರತೀ ಸಲ ಚಿಲ್ಲರೆ ಉಳಿಸ್ತೀರಿ?"

ಹೀಗೆ ಐದು ಸಂಜೆ. ನಾದಿನಿ ಭಾಗಾಕಾರ ಮತ್ತೆ ಕಲಿಸಿದಳು. ಇಪ್ಪತ್ತೆರಡರ ಮಗ್ಗಿ ಬಾಯಿಪಾಠ ಮಾಡಿಸಿದಳು. ನಲವತ್ತಾರರ ಹೆಂಗಸು ಸ್ಕೂಲು ಹುಡುಗಿಯ ಹಾಗೆ ನಿಂತು ಮಗ್ಗಿ ಒಪ್ಪಿಸಿದ್ದನ್ನು ಕಂಡು ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಮಗ್ಗಿಯೂ ಸರಿಯಿತ್ತು. ಉತ್ತರ ಮಾತ್ರ ತಪ್ಪು, ಪ್ರತಿ ಸಲವೂ ಇರಬೇಕಾದ್ದಕ್ಕಿಂತ ದೊಡ್ಡದು.

ಐದನೆಯ ಸಂಜೆ ನಾದಿನಿಗೂ ಸಾಕಾಗಿತ್ತು. ಶಾಲೆಯಲ್ಲಿ ಅವತ್ತು ಏನಾಗಿತ್ತೋ. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ," ಎಂದಳು. "ಕೆಲವರಿಗೆ ಇದು ಹತ್ತೋದೇ ಇಲ್ಲ. ಸುಮ್ಮನೆ ನಿಮಗೂ ಆಯಾಸ."

ಮೇಡಂ ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಬಾಣಲೆಯನ್ನೇ ಮತ್ತೆ ತೊಳೆದರು. ಅವರಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಎರಡಕ್ಕಿಂತ ಹೆಚ್ಚಾಗಿ ಭಯ. ಅವಧಿ ಮುಗಿದ ಮಾರನೆಯ ಬೆಳಿಗ್ಗೆ ಆ ಕಟಿಂಗ್ ಮೇಜಿನ ಹಿಂದೆ ಇನ್ಯಾರೋ ನಿಂತಿರುತ್ತಾರೆ. ಇಪ್ಪತ್ತೆರಡು ಹೆಂಗಸರು ಯಾಕೆ ಮೇಡಂ ಬರಲಿಲ್ಲ ಎಂದು ಕೇಳುತ್ತಾರೆ, ಆಫೀಸಿನವರು ಕಾರಣ ಹೇಳುತ್ತಾರೆ.

ನಾದಿನಿ ಹೊರಟಿದ್ದಳು. ತನ್ನ ಉತ್ತರ ಪತ್ರಿಕೆಗಳನ್ನು ಕಟ್ಟಿಕೊಳ್ಳುವಾಗ ಅತ್ತಿಗೆಯ ನೋಟ್‌ಬುಕ್ಕೂ ಜೊತೆಗೆ ಬಂತು. ಎತ್ತಿ ಪಕ್ಕಕ್ಕಿಡಲು ಹೋಗಿ ತೆರೆದ ಪುಟದ ಮೇಲೆ ಕಣ್ಣು ಬಿತ್ತು. ಟೀಚರ ಕಣ್ಣು, ಬಿದ್ದ ಮೇಲೆ ಓದದೆ ಬಿಡುತ್ತದೆಯೇ? ಒಂದು ಪುಟ ಹಿಂದಕ್ಕೆ ತಿರುಗಿಸಿದಳು. ಇನ್ನೊಂದು ಪುಟ. ಆಮೇಲೆ ಕೂತುಬಿಟ್ಟಳು.

"ಅತ್ತಿಗೆ, ಸ್ವಲ್ಪ ಇಲ್ಲಿ ಬನ್ನಿ."

ಮೇಡಂ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು.

"ಮೊನ್ನೆ ನಾನು ತ್ರಿಜ್ಯ ಏಳು ಅಂದಿದ್ದೆ. ನೀವು ಎಂಟು ಅಂತ ಬರೆದಿದೀರಿ."

"ಏಳೇ ತಾನೆ."

"ಇಲ್ಲಿ ಎಂಟು ಇದೆ. ಹದಿನಾಲ್ಕು ಅಂದಿದ್ದೆ, ಹದಿನೈದು ಇದೆ. ಇಪ್ಪತ್ತೊಂದಕ್ಕೆ ಇಪ್ಪತ್ತೆರಡು ಇದೆ."

"ಹೂಂ. ಏಳು, ಅಂಚು ಸೇರಿಸಿ ಎಂಟು," ಎಂದರು ಮೇಡಂ. ಹೇಳಿದ ಮೇಲೆ ತಮ್ಮ ಬಾಯಿಂದ ಬಂದದ್ದು ತಮ್ಮ ಕಿವಿಗೇ ಕೇಳಿಸಿತು. ನಿಂತಲ್ಲೇ ನಿಂತರು.

ಹೊಲಿಗೆಯವರ ಕೈಗೆ ಇದು ಉಸಿರಾಡಿದಷ್ಟು ಸಹಜ. ಅಳತೆ ಹೇಳುವವರು ಮೈಯ ಅಳತೆ ಹೇಳುತ್ತಾರೆ, ಬರೆದುಕೊಳ್ಳುವವರು ಕತ್ತರಿಸುವ ಅಳತೆ ಬರೆದುಕೊಳ್ಳುತ್ತಾರೆ. ಹೊಲಿಗೆಯೊಳಗೆ ಮಡಚಿಹೋಗುವ ಅಂಚು ಬರೆಯುವಾಗಲೇ ಸೇರಿರುತ್ತದೆ, ಇಲ್ಲವಾದರೆ ಕತ್ತರಿ ಹಿಡಿದ ಮೇಲೆ ಮರೆತುಹೋಗುತ್ತದೆ. ಮೇಡಂಗೆ ಇದನ್ನು ಕಲಿಸಿದ್ದು ಅವರ ತಾಯಿ, ಹನ್ನೆರಡನೇ ವಯಸ್ಸಿನಲ್ಲಿ. ಯಾರಾದರೂ ಒಂದು ಅಳತೆ ಹೇಳಿದರೆ, ಎಲ್ಲಾದರೂ ಬರೆದದ್ದು ಕಂಡರೆ, ಇವರ ಬೆರಳು ಅದಕ್ಕೆ ತಾನಾಗಿಯೇ ಒಂದು ಸೇರಿಸಿ ಇಳಿಸುತ್ತಿತ್ತು. ಮನಸ್ಸಿಗೆ ಅದರ ಸುದ್ದಿಯೇ ಇಲ್ಲ.

ನಾದಿನಿಗೆ ನಗು ತಡೆಯಲಾಗಲಿಲ್ಲ. ಮೇಜಿಗೆ ಹಣೆ ಹಚ್ಚಿ ನಕ್ಕಳು. ಮೇಡಂಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ನೀರು ಮಾತ್ರ ನಿಲ್ಲಲಿಲ್ಲ.

"ನಮ್ಮ ಸ್ಕೂಲಲ್ಲೂ ಮೇಷ್ಟ್ರು ಲೆಕ್ಕ ಬಾಯಲ್ಲೇ ಹೇಳೋರು ಕಣೇ," ಎಂದರು. "ಬರ್ಕೊಂಡು ಮಾಡಿದ್ರೆ ಒಂದೂ ಸರಿ ಬರ್ತಿರಲಿಲ್ಲ. ದಡ್ಡಿ ಅಂತ ಹಿಂದಿನ ಬೆಂಚಲ್ಲಿ ಕೂರಿಸಿಬಿಟ್ರು. ನಾನೂ ದಡ್ಡೀನೇ ಅಂದ್ಕೊಂಡೆ."

ನಾದಿನಿ ನೋಟ್‌ಬುಕ್ಕನ್ನು ಮುಚ್ಚಿ ಹೇಳಿದಳು, "ನಾನೂ ಅದನ್ನೇ ಮಾಡಿದೆನಲ್ಲ ಅತ್ತಿಗೆ. ಐದು ದಿನ ಉತ್ತರ ಕೇಳಿದೆ, ಪುಸ್ತಕ ನೋಡಲಿಲ್ಲ. ಹತ್ತೋದಿಲ್ಲ ಅಂತ ಬೇರೆ ಅಂದುಬಿಟ್ಟೆ. ತಪ್ಪು ನಂದು." ಅಷ್ಟು ನೇರವಾಗಿ ತಪ್ಪೊಪ್ಪಿಕೊಂಡವರನ್ನು ಮೇಡಂ ಆ ಮನೆತನದಲ್ಲಿ ಅದುವರೆಗೆ ಕಂಡಿರಲಿಲ್ಲ. ಹೋಗಲಿ ಬಿಡೇ ಎಂದು ಅವಳ ಬೆನ್ನು ಸವರಿದರು.

ರೋಗ ಗೊತ್ತಾಯಿತು, ವಾಸಿಯಾಗಬೇಕಲ್ಲ. ಸಂಖ್ಯೆ ಬರೆದ ಮೇಲೆ ಅದರ ಮೇಲೆ ಬೆರಳಿಟ್ಟು, ಪ್ರಶ್ನೆಯಲ್ಲಿರುವುದೂ ಅದೇ ತಾನೆ ಎಂದು ಓದಿ ನೋಡಬೇಕು ಎಂದು ನಾದಿನಿ ನಿಯಮ ಮಾಡಿದಳು. ಹದಿನೈದು ದಿನದಲ್ಲಿ ಕೈ ಪಳಗಿತು. ಪಳಗಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಒಂದು ಬೆಳಿಗ್ಗೆ ಕ್ಲಾಸಿನಲ್ಲಿ ಮೇಡಂ ಒಂದು ತೋಳಿಗೆ ಗುರುತು ಹಾಕಿ, ಕತ್ತರಿಸಿ, ಎತ್ತಿ ತೋರಿಸಿದರು. ಕ್ಲಾಸು ಪಿಳಿಪಿಳಿ ನೋಡಿತು. ಮುಂದೆ ನಿಂತಿದ್ದವಳೊಬ್ಬಳು ಧೈರ್ಯ ಮಾಡಿ, "ಮೇಡಂ, ಹೊಲಿಗೆಗೆ ಅಂಚು?" ಎಂದಳು. ಅಂಚು ಇರಲಿಲ್ಲ. ನೀವು ಗಮನಿಸ್ತೀರೋ ಇಲ್ಲವೋ ನೋಡ್ತಿದ್ದೆ ಎಂದು ಜಾರಿಕೊಂಡರೂ ಒಳಗೆ ಜೀವ ಹಾರಿತ್ತು. ಮೂವತ್ತು ವರ್ಷದ ಕೈಯನ್ನು ಒಂದು ಪರೀಕ್ಷೆಗಾಗಿ ಕೆಡಿಸಿಕೊಳ್ಳುತ್ತಿದ್ದೇನೆಯೇ ಎಂದು ದಿಗಿಲಾಯಿತು. ಅಂದಿನಿಂದ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ಸೀಮೆಸುಣ್ಣ ಹಿಡಿದರೆ ಅಂಚು ಉಂಟು, ಪೆನ್ನು ಹಿಡಿದರೆ ಇಲ್ಲ.

ಪರೀಕ್ಷೆ ದೂರದ ಒಂದು ಶಾಲೆಯಲ್ಲಿ. ಗುರುತಿನವರು ಯಾರೂ ಕಾಣಬಾರದೆಂದು ಮೇಡಂ ಬೇಕೆಂದೇ ದೂರದ್ದನ್ನು ಆರಿಸಿಕೊಂಡಿದ್ದರು. ಗೇಟಿನೊಳಗೆ ಕಾಲಿಟ್ಟರೆ ಎದುರಿಗೆ ಬಾಬಿನ್ ನಿಂತಿದ್ದಳು.

ಬಾಬಿನ್ ಅವರ ಕ್ಲಾಸಿನವಳೇ. ಮೂವತ್ತೆರಡರ ಗೃಹಿಣಿ, ಎರಡು ಮಕ್ಕಳ ತಾಯಿ. ಪುಟ್ಟ ಆಳು, ಮಿಷನ್ನಿನ ಅಡಿಯ ದಾರದ ಉರುಳೆಯ ಹಾಗೆ ಕೂತಲ್ಲಿ ಕೂರದೆ ಸುತ್ತುತ್ತಿದ್ದಳೆಂದು ಗೆಳತಿಯರು ಇಟ್ಟ ಹೆಸರದು. ಇವಳೂ ಯಾರಿಗೂ ಕಾಣಬಾರದೆಂದೇ ಅಷ್ಟು ದೂರ ಬಂದಿದ್ದಳು, ಪಾಪ. ಮೇಡಂ ಮುಖ ಕಂಡು ಅವಳ ಮುಖ ಅರಳಿತು.

"ಮೇಡಂ, ನೀವು ಇವತ್ತು ಇಲ್ಲಿ ಸೂಪರ್‌ವೈಸರಾ?"

"ಹೂಂ," ಎಂದುಬಿಟ್ಟರು ಮೇಡಂ.

ಆ ಹೂಂ ಬಾಯಿಂದ ಬಿದ್ದದ್ದೇ ತಡ, ನಾಲಿಗೆ ಕಚ್ಚಿಕೊಂಡರು. ಹತ್ತು ನಿಮಿಷ ಕಳೆದರೆ ಬಯಲಾಗುವ ಸುಳ್ಳನ್ನು ಯಾವ ಬುದ್ಧಿವಂತರು ಹೇಳುತ್ತಾರೆ? ಗಂಟೆ ಹೊಡೆಯಿತು. ಮೇಡಂ ನಂಬರು ಕಿಟಕಿ ಸಾಲಿನ ಎರಡನೇ ಬೆಂಚಿಗೆ ಬಂದಿತ್ತು. ಬಾಬಿನ್ ನಂಬರು ಅದೇ ಸಾಲಿನಲ್ಲಿ ನಾಲ್ಕನೆಯದಕ್ಕೆ. ಮಕ್ಕಳ ಬೆಂಚು, ಮಂಡಿ ಒಳಗೆ ತೂರುವುದೇ ಕಷ್ಟ. ಅವರು ತೂರಿಸಿಕೊಂಡು ಕೂತರು. ಹಿಂದಕ್ಕೆ ತಿರುಗಲಿಲ್ಲ.

ಮೊದಲ ಕಾಲುಗಂಟೆ ಒಂದಕ್ಷರ ಬರೆಯಲಾಗಲಿಲ್ಲ. ಪ್ರಶ್ನೆ ಪತ್ರಿಕೆಯ ಮೇಲೆ ಕಣ್ಣಿತ್ತು, ಮನಸ್ಸೆಲ್ಲ ಎರಡು ಬೆಂಚು ಹಿಂದೆ. ಎದ್ದು ಹೋಗಿಬಿಡಲೇ ಎಂದೂ ಅನ್ನಿಸಿತು. ಎದ್ದರೆ ಸುಳ್ಳೂ ಉಳಿಯುವುದಿಲ್ಲ, ಕ್ಲಾಸೂ ಉಳಿಯುವುದಿಲ್ಲ. ಕೊನೆಗೆ ಇಷ್ಟು ಮಾನ ಹೋದ ಮೇಲೆ ಅಂಕವನ್ನಾದರೂ ತೆಗೆದುಕೊಂಡು ಹೋಗೋಣ ಎಂದು ತಮ್ಮನ್ನು ತಾವೇ ಬೈದುಕೊಂಡು ಪೆನ್ನು ಹಿಡಿದರು. ಬೀಜಗಣಿತದಲ್ಲಿ ಬಂದದ್ದನ್ನು ಬರೆದರು, ಬಾರದ್ದನ್ನು ಹಾಗೇ ಬಿಟ್ಟರು. ಮೂರನೆಯ ಪುಟದಲ್ಲಿ ತ್ರಿಜ್ಯಾಂತರ ಖಂಡ ಕಾದಿತ್ತು. ತ್ರಿಜ್ಯ ಇಪ್ಪತ್ತೊಂದು, ಕೋನ ಅರವತ್ತು. ಇಳಿಸಿಕೊಂಡು, ಬೆರಳಿಟ್ಟು ನೋಡಿದರೆ ಇಪ್ಪತ್ತೆರಡು ಎಂದು ಬರೆದಿದ್ದರು. ಕೈ ಇನ್ನೂ ತನ್ನ ಚಾಳಿ ಬಿಟ್ಟಿರಲಿಲ್ಲ. ಹೊಡೆದುಹಾಕಿ ಇಪ್ಪತ್ತೊಂದು ಮಾಡಿದರು. ಆರರಲ್ಲಿ ಒಂದು ಪಾಲು, ಇನ್ನೂರ ಮೂವತ್ತೊಂದು, ಚಿಲ್ಲರೆ ಇಲ್ಲ.

ಮುಗಿಸಿ ಹೊರಗೆ ಬಂದಾಗ ಬಾಬಿನ್ ಗೇಟಿನ ಹತ್ತಿರ ಕಾಯುತ್ತಿದ್ದಳು. ಮೇಡಂಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಾಬಿನ್ ಹತ್ತಿರ ಬಂದು ಪ್ರಶ್ನೆ ಪತ್ರಿಕೆ ಬಿಡಿಸಿದಳು.

"ಮೇಡಂ, ಆ ಅರವತ್ತು ಡಿಗ್ರಿದು, ನಿಮಗೆ ಎಷ್ಟು ಬಂತು?"

"ಇನ್ನೂರ ಮೂವತ್ತೊಂದು."

"ಸದ್ಯ. ನನಗೂ ಅಷ್ಟೇ. ಅದೊಂದೇ ಧೈರ್ಯವಾಗಿ ಮಾಡಿದ್ದು."

"ನಾನು ಬೆಳಿಗ್ಗೆ ಸುಳ್ಳು ಹೇಳಿದೆ ಕಣಮ್ಮ," ಎಂದರು ಮೇಡಂ.

"ನಂಗೆ ಆಗಲೇ ಗೊತ್ತಾಯ್ತು. ನಿಮ್ಮ ಕೈಯಲ್ಲಿ ಹಾಲ್ ಟಿಕೆಟ್ ಇತ್ತಲ್ಲ." ಬಾಬಿನ್ ದನಿ ತಗ್ಗಿಸಿದಳು. "ನಾನು ಯಾರಿಗೂ ಹೇಳಲ್ಲ ಮೇಡಂ. ನೀವೂ ನಂದು ಹೇಳಬೇಡಿ."

ಆಗಲಿ ಎಂದರು ಮೇಡಂ. ಬಸ್ಸಿನಲ್ಲಿ ಕೂತಾಗ ಎದೆ ಹಗುರವಾಗಿತ್ತು. ಎರಡು ಸ್ಟಾಪು ದಾಟುವ ಹೊತ್ತಿಗೆ ಮತ್ತೆ ಭಾರವಾಯಿತು. ತಮ್ಮ ಸುಳ್ಳನ್ನು ಈಗ ಇನ್ನೊಬ್ಬಳೂ ಹೊರಬೇಕು. ಅದೂ ತಾವು ಪಾಠ ಹೇಳಿಕೊಟ್ಟವಳು.

ಫಲಿತಾಂಶ ಬಂದದ್ದು ಅವಧಿ ಮುಗಿಯಲು ಒಂಬತ್ತು ದಿನ ಇದ್ದಾಗ. ನಾದಿನಿ ತನ್ನ ಶಾಲೆಯಲ್ಲೇ ನೋಡಿ, ಫೋನು ಮಾಡದೆ, ನಡೆದು ಬಂದು ಹೇಳಿದಳು. ಐವತ್ತೊಂದು. ರೇಖಾಗಣಿತ ಒಂದರ ಬಲದಲ್ಲೇ ನನ್ನ ಕ್ಲಾಸಿನ ಮಕ್ಕಳೂ ಇಷ್ಟು ತೆಗೆಯಲ್ಲ ಎಂದಳು. ಗಂಡ, ನಾನು ಅವತ್ತೇ ಹೇಳಲಿಲ್ಲವೇ ಎಂದು ಎಲ್ಲ ಯಶಸ್ಸನ್ನೂ ಸಲೀಸಾಗಿ ಜೇಬಿಗೆ ಹಾಕಿಕೊಂಡ. ಮೇಡಂ ನಕ್ಕರು. ಆಮೇಲೆ ಬಾಬಿನ್‌ಳದು ಏನಾಯಿತೋ ನೋಡು ಎಂದು ಅವಳಿಂದ ಬರೆದುಕೊಂಡಿದ್ದ ನಂಬರು ಕೊಟ್ಟರು. ಮೂವತ್ತೊಂದು. ನಾಲ್ಕು ಅಂಕಕ್ಕೆ ಹೋಗಿತ್ತು.

ಅಂಕಪಟ್ಟಿ ಕೈಗೆ ಬಂದ ದಿನ ಮೇಡಂ ಕೇಂದ್ರದ ಆಫೀಸಿಗೆ ಹೋದರು. ಆಫೀಸೆಂದರೆ ಹಾಲಿನ ಒಂದು ಮೂಲೆಗೆ ಅಡ್ಡ ಹಾಕಿದ ಹಲಗೆ, ಅದರಲ್ಲಿ ಒಂದು ಕಿಂಡಿ. ಕಿಂಡಿಯ ಆಚೆ ಗುಮಾಸ್ತ, ಈಚೆ ಇಪ್ಪತ್ತೆರಡು ಮಿಷನ್ನು. ಬಾಬಿನ್ ಮೂರು ದಿನದಿಂದ ಸುತ್ತಾಟವನ್ನೆಲ್ಲ ಬಿಟ್ಟು ಗೋಡೆ ಪಕ್ಕದ ಮಿಷನ್ನಿನ ಮುಂದೆ ತಲೆ ಬಗ್ಗಿಸಿ ಕೂತಿದ್ದಳು. ಹುಷಾರಿಲ್ಲ ಎಂದು ಎಲ್ಲರಿಗೂ ಹೇಳಿದ್ದಳು. ಮೇಡಂ ಫಾರಂ ತುಂಬಿ, ಅಂಕಪಟ್ಟಿಯ ಜೆರಾಕ್ಸ್ ಮಡಚಿ ಅದರೊಳಗಿಟ್ಟು ಕಿಂಡಿಯಲ್ಲಿ ತೂರಿಸಿದರು. ಕಿವಿ ಮಂದವಾದ ಗುಮಾಸ್ತ, ಮಾತೆಲ್ಲ ಜೋರು.

"ಮೇಡಂ, ಪಾಸಾದ ಇಸವಿ ತಪ್ಪು ಬರೆದಿದೀರಿ. ಈ ವರ್ಷದ್ದು ಹಾಕಿದೀರಿ. ನಾನೇ ತಿದ್ದಿಬಿಡ್ಲಾ? ಯಾವ ಇಸವಿ ಹೇಳಿ."

ಹತ್ತಿರದ ಎರಡು ಮಿಷನ್ನುಗಳ ಸದ್ದು ನಿಂತಿತು. ಗುಮಾಸ್ತ ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಸುಮ್ಮನೆ ಒಳಗಿರೋದನ್ನ ನೋಡಿ ಎಂದು ಪಿಸುಗುಟ್ಟಿದ್ದರೆ ಮುಗಿಯುತ್ತಿತ್ತು. ಮೇಡಂ ತಿರುಗಿ ಗೋಡೆ ಪಕ್ಕದ ಮಿಷನ್ನಿನ ಕಡೆ ನೋಡಿದರು. ಅಲ್ಲಿ ಸೂಜಿ ಓಡುತ್ತಿರಲಿಲ್ಲ, ತಲೆಯೂ ಮೇಲೇಳಲಿಲ್ಲ.

"ತಿದ್ದಬೇಡಿ," ಎಂದರು, ಗುಮಾಸ್ತನಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಈ ವರ್ಷವೇ ಪಾಸಾಗಿದ್ದು. ಅದಕ್ಕೆ ಮುಂಚೆ ಲೆಕ್ಕದಲ್ಲಿ ಎರಡು ಸಲ ಫೇಲು."

ಉಳಿದ ಮಿಷನ್ನುಗಳೂ ಒಂದೊಂದಾಗಿ ನಿಂತವು. ಮೇಡಂ ಮುಖ ಕೆಂಪಾಗಿತ್ತು, ಆದರೆ ಅವರು ತಲೆ ತಗ್ಗಿಸಲಿಲ್ಲ. ಆಮೇಲೆ ಗೋಡೆಯ ಕಡೆಯಿಂದ ಸಣ್ಣ ದನಿಯೊಂದು ಬಂತು.

"ಮೇಡಂ, ನಂದು ಒಂದು ಸಲ ಫೇಲು. ಮೊನ್ನೆ."

"ನಂದು ಮೂರು ಸಲ," ಎಂದಳು ಮುಂದಿನ ಸಾಲಿನವಳು.

"ನಾನು ಇಂಗ್ಲಿಷಲ್ಲಿ. ನಮ್ಮೆಜಮಾನರಿಗೇ ಗೊತ್ತಿಲ್ಲ."

"ನಾನು ಹೆದರಿ ಪರೀಕ್ಷೆಗೇ ಹೋಗಲಿಲ್ಲ ಮೇಡಂ. ಇಪ್ಪತ್ತು ವರ್ಷ ಆಯ್ತು."

ಅಲ್ಲೊಂದು ಇಲ್ಲೊಂದು ದನಿ ಏಳುತ್ತಲೇ ಇತ್ತು. ಹನ್ನೊಂದು ವರ್ಷ ತಾವೊಬ್ಬರೇ ಎಂದುಕೊಂಡಿದ್ದ ಮೇಡಂ ಕಿಂಡಿಯ ಹಲಗೆ ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದರು. ಗುಮಾಸ್ತ ಅಂಕಪಟ್ಟಿ ಬಿಡಿಸಿ, ಇಸವಿ ನೋಡಿ, ಏನೂ ತಿದ್ದದೆ ಠಸ್ಸೆ ಒತ್ತಿದ.